ರಿಜಿಸ್ಟರಿನ ಕೊನೆಯ ಪುಟಗಳು

ನಮ್ಮ ಎರಡನೆಯ ಮಗಳು ಹುಟ್ಟಿದ್ದು 2018ರ ಆಷಾಢದಲ್ಲಿ. ಬೆಳಗಿನ ಆರೂವರೆಗೆ ಥಿಯೇಟರಿನ ಬಾಗಿಲು ಅರ್ಧ ತೆರೆದು ಸಿಸ್ಟರ್ ಒಬ್ಬರು ಹೊರಗೆ ಬಂದರು. ಕೈಯಲ್ಲೊಂದು ಫಾರಂ, ಪೆನ್ನು.

“ಎರಡನೇದೂ ಸಿಜೇರಿಯನ್ ಅಲ್ಲೇನ್ರೀ, ಹೆಂಗೂ ಹೊಟ್ಟಿ ತಗದಾರ. ಅದರ ಜೊತಿಗೇ ಆಪರೇಶನ್ನೂ ಮುಗಿಸಿಬಿಡ್ತಾರ. ಇಲ್ಲೊಂದು ಸಹಿ ಮಾಡ್ರಿ.”

ನಮ್ಮ ಕಡೆ ‘ಆಪರೇಶನ್’ ಅಂದರೆ ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಮಾಡಿದರೆ ಅದು ಕಣ್ಣಿನ ಆಪರೇಶನ್, ಅಪೆಂಡಿಕ್ಸಿಗೆ ಮಾಡಿದರೆ ಅಪೆಂಡಿಕ್ಸಿಂದು. ಬರೀ ಆಪರೇಶನ್ ಅಂದರೆ ಹೆಂಗಸಿಗೆ ಇನ್ನು ಮಕ್ಕಳಾಗದ ಹಾಗೆ ಮಾಡುವುದು. ಊರಿನ ಯಾವ ಕಟ್ಟೆಯ ಮೇಲೆ ಕೇಳಿದರೂ ಇದೇ ಅರ್ಥ.

ನನ್ನ ಹೆಂಡತಿಗೆ ಸ್ಪೈನಲ್, ಅಂದರೆ ಸೊಂಟದ ಕೆಳಗಷ್ಟೇ ಮರಗಟ್ಟಿಸುವ ಅರಿವಳಿಕೆ, ಕೊಟ್ಟಿದ್ದರು. ಅಂದರೆ ಬಾಗಿಲಿನ ಆಚೆ ಆಕೆ ಎಚ್ಚರವಾಗಿಯೇ ಮಲಗಿದ್ದಳು. ಆಕೆಯ ಹೊಟ್ಟೆ, ಆಕೆಯ ನಾಳ. ಫಾರಂ ಮಾತ್ರ ನನ್ನ ಕೈಗೆ ಬಂದಿತ್ತು. “ಅಕೀನ ಕೇಳ್ಬೇಕಲ್ರೀ” ಅಂದೆ. “ಲಗೂ ಹೇಳ್ರಿ, ಡಾಕ್ಟರ್ ಕಾಯಾಕತ್ತಾರ” ಅಂದರು ಅವರು. ಅಷ್ಟರಲ್ಲಿ ಕೂಸು ಸ್ವಲ್ಪ ನೀಲಿಗಟ್ಟಿದೆ, ವಾರ್ಮರಿನಲ್ಲಿ ಇಟ್ಟಿದ್ದಾರೆ ಎಂದು ಇನ್ನೊಬ್ಬರು ಬಂದು ಹೇಳಿದರು. ನಾನು ಸಹಿ ಮಾಡಲಿಲ್ಲ. ಮಾಡದೆ ಇದ್ದದ್ದು ಹೆಂಡತಿಯ ಮೇಲಿನ ಗೌರವದಿಂದ ಎಂದು ಹೇಳಿಕೊಳ್ಳಲಾರೆ. ಕೂಸು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಪೆನ್ನು ಮುಂದೆ ಹೋಗಲಿಲ್ಲ, ಅಷ್ಟೇ.

ಸಂತಾನಹರಣ ಚಿಕಿತ್ಸೆಗೆ ಬೇಕಾದದ್ದು ಯಾರಿಗೆ ಮಾಡುತ್ತಾರೋ ಅವರ ಒಪ್ಪಿಗೆ. ಗಂಡನದೋ ಹೆಂಡತಿಯದೋ ಸಹಿ ಇರಲೇಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದು ನಾಲ್ಕು ವರ್ಷ ತಡವಾಗಿ.

ಕೂಸು ಉಳಿಯಿತು, ಈಗ ಶಾಲೆಗೆ ಹೋಗುತ್ತದೆ. ಆದರೆ ಆ ಬೆಳಗ್ಗೆ ಆ ಸಿಸ್ಟರಿಗೂ, ಒಳಗಿದ್ದ ಡಾಕ್ಟರಿಗೂ, ಬೆಂಚಿನ ಮೇಲೆ ಕೂತಿದ್ದ ನಮ್ಮ ಅತ್ತೆಗೂ, ನನಗೂ, ಒಬ್ಬರಿಗೂ ಹೊಳೆಯದ ಒಂದು ಮಾತಿತ್ತು. ಆ ಆಪರೇಶನ್ ನನಗೆ ಮಾಡಿಸಬಹುದಾಗಿತ್ತು.

ಆಮೇಲಿನ ನಾಲ್ಕು ವರ್ಷ ಎಲ್ಲ ಮನೆಗಳಲ್ಲಿ ನಡೆಯುವಂಥದ್ದೇ ನಮ್ಮಲ್ಲೂ ನಡೆಯಿತು. ಆಕೆ ಕಾಪರ್-ಟಿ ಹಾಕಿಸಿಕೊಂಡಳು. ತಿಂಗಳಿಗೆ ನಾಲ್ಕು ದಿನ ಇದ್ದದ್ದು ಒಂಬತ್ತು ದಿನವಾಯಿತು. ಆಕೆ ಹೈಸ್ಕೂಲ್ ಟೀಚರ್. ಆರು ಪೀರಿಯಡ್ ನಿಂತೇ ಪಾಠ ಮಾಡಬೇಕು. ರಕ್ತ ಕಡಿಮೆಯಾಗಿ ಒಂದು ದಿನ ಬೋರ್ಡಿನ ಮುಂದೆ ತಲೆ ತಿರುಗಿ ಕುರ್ಚಿ ಹಿಡಿದು ನಿಂತಳಂತೆ. ಕಾಪರ್-ಟಿ ತೆಗೆಸಿದೆವು. ಆಮೇಲೆ ಕಾಂಡೋಮ್. ಒಮ್ಮೆ ಅದು ಹರಿಯಿತು. ಎಪ್ಪತ್ತೆರಡು ಗಂಟೆಯೊಳಗೆ ನುಂಗುವ ಮಾತ್ರೆ ತಂದುಕೊಟ್ಟೆ. ಆಕೆ ನುಂಗಿ ವಾಂತಿ ಮಾಡಿಕೊಂಡಳು, ಮತ್ತೆ ನುಂಗಿದಳು. ಆ ತಿಂಗಳು ಅಡುಗೆಮನೆಯ ಕ್ಯಾಲೆಂಡರ್ ಮುಂದೆ ಆಕೆ ನಿಲ್ಲುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆರಳು ತಾರೀಖಿನ ಮೇಲಿಟ್ಟು, ತುಟಿ ಆಡಿಸದೆ ಎಣಿಸುವುದು.

ಮುಟ್ಟಾದ ದಿನ ಆಕೆ ಹೇಳಿದಳು: “ಇನ್ನ ನಾ ಏನೂ ಹಾಕ್ಸ್ಕೊಳ್ಳೂದಿಲ್ಲ, ಏನೂ ನುಂಗೂದಿಲ್ರೀ. ಮುಂದಿಂದು ನೀವು ನೋಡ್ರಿ.”

ನೋಡತೊಡಗಿದೆ. ಒಪ್ಪಿಕೊಳ್ಳುತ್ತೇನೆ, ಮೊದಲು ನೋಡಿದ್ದು ಆಪರೇಶನ್ ಬಿಟ್ಟು ಬೇರೆ ಏನಾದರೂ ಇದೆಯೇ ಎಂದು. ಗಂಡಸರಿಗೆ ಮಾತ್ರೆ ಬಂದಿದೆಯಂತೆ, ಬರುತ್ತದಂತೆ ಎಂಬ ಸುದ್ದಿ ನಾನು ಕಾಲೇಜಿನಲ್ಲಿದ್ದಾಗಿನಿಂದಲೂ ಪೇಪರಿನಲ್ಲಿ ಓದುತ್ತ ಬಂದವನು. ಎರಡು ತಿಂಗಳು ರಾತ್ರಿ ಕೂತು ಓದಿದೆ. ಓದಿದ್ದರಲ್ಲಿ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತಿಕಾಳು.

ನಮ್ಮದು ಹಾವೇರಿ ಕಡೆಯ ಹಳ್ಳಿ, ಹತ್ತಿ ಬೆಳೆಯುವ ನಾಡು. ಚಿಕ್ಕವನಿದ್ದಾಗ ಎಮ್ಮೆಗೆ ಇಡುವ ಹತ್ತಿಕಾಳನ್ನು ಸಂಜೆ ನೆನೆಸಿಡುವುದು ನನ್ನ ಕೆಲಸವಾಗಿತ್ತು. ಆ ಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತು ಇದೆ. ಚೀನಾದ ಕೆಲವು ಹಳ್ಳಿಗಳಲ್ಲಿ ಸಂಸ್ಕರಿಸದ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳೇ ಆಗದಿದ್ದುದನ್ನು ವೈದ್ಯರು ಗಮನಿಸಿದರು. ಅದರ ಜಾಡು ಹಿಡಿದು ಹೋದಾಗ ಸಿಕ್ಕದ್ದು ಈ ಗಾಸಿಪಾಲ್. ಗಂಡಸಿನಲ್ಲಿ ವೀರ್ಯಾಣು ಹುಟ್ಟುವುದನ್ನೇ ಅದು ತಡೆಯುತ್ತಿತ್ತು. 1970ರ ದಶಕದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಗಂಡಸರಿಗೆ ಇದರ ಮಾತ್ರೆ ಕೊಟ್ಟು ನೋಡಿದರು. ಕೆಲಸವೇನೋ ಮಾಡಿತು. ಆದರೆ ಕೆಲವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕೈಕಾಲು ಸೋತವು, ಇನ್ನು ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ವೀರ್ಯಾಣು ಮರಳಲಿಲ್ಲ. ಕೈಬಿಟ್ಟರು.

ಇಂಜೆಕ್ಷನ್ನಿನ ಕಥೆ ನನ್ನನ್ನು ಇನ್ನಷ್ಟು ಹೊತ್ತು ಕೂರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ನಡೆಸಿದ ಒಂದು ಪ್ರಯೋಗದಲ್ಲಿ 320 ಗಂಡಸರಿಗೆ ಎಂಟು ವಾರಕ್ಕೊಮ್ಮೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟರು. ನೂರಕ್ಕೆ ತೊಂಬತ್ತಾರು ಜನರಲ್ಲಿ ವೀರ್ಯಾಣುಗಳ ಸಂಖ್ಯೆ ಬೇಕಾದಷ್ಟು ಇಳಿಯಿತು. ಆದರೆ ಮೊಡವೆ, ಮನಸ್ಸಿನ ಏರುಪೇರು, ಖಿನ್ನತೆ ಕಾಣಿಸಿಕೊಂಡವು. ಸುರಕ್ಷತೆಯ ಸಮಿತಿ ಹೇಳಿದ್ದರಿಂದ 2011ರಲ್ಲಿ ನಿಲ್ಲಿಸಿದರು. ಭಾಗವಹಿಸಿದ ಗಂಡಸರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ, ಸಿಗುವುದಾದರೆ ಈ ಇಂಜೆಕ್ಷನ್ ಮುಂದುವರಿಸುತ್ತೇವೆ ಅಂದಿದ್ದರಂತೆ. ಇದನ್ನು ಓದಿದಾಗ ಹೆಂಗಸರ ಮಾತ್ರೆ ನೆನಪಾಯಿತು. 1956ರಲ್ಲಿ ಪೋರ್ಟೊರಿಕೊದ ಬಡ ಹೆಂಗಸರಿಗೆ ಕೊಟ್ಟು ನೋಡಿದ ಮಾತ್ರೆ ಅದು. ಅವರಿಗೂ ವಾಕರಿಕೆ ಬಂತು, ತಲೆ ಸುತ್ತಿತು, ತಲೆನೋವು ಬಂತು. ಆದರೂ 1960ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಇದಕ್ಕೆ ವೈದ್ಯರು ಕೊಡುವ ಕಾರಣ ಹೀಗೆ: ಬಸಿರು, ಹೆರಿಗೆ ಹೆಂಗಸಿನ ಜೀವಕ್ಕೇ ಅಪಾಯ, ಆದ್ದರಿಂದ ಮಾತ್ರೆಯ ತೊಂದರೆಯನ್ನು ಆ ಅಪಾಯದ ಎದುರು ತೂಗಬಹುದು, ಗಂಡಸು ಬಸಿರಾಗುವುದಿಲ್ಲ, ಆರೋಗ್ಯವಾಗಿರುವ ಅವನಿಗೆ ಔಷಧಿ ಕೊಟ್ಟು ಕಾಯಿಲೆ ತರಿಸುವಂತಿಲ್ಲ. ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿದರೆ ಸರಿ. ಆದರೆ ಸಂಸಾರದಲ್ಲಿ ಯಾರೂ ಒಬ್ಬೊಬ್ಬರಾಗಿ ನಿಂತಿರುವುದಿಲ್ಲ. ಬೋರ್ಡಿನ ಮುಂದೆ ಕುರ್ಚಿ ಹಿಡಿದು ನಿಂತವಳ ರಕ್ತವೂ ನನ್ನ ತಕ್ಕಡಿಯಲ್ಲೇ ಬೀಳಬೇಕು ಎನಿಸಿತು. ಈ ವಾದವನ್ನು ನಾನು ಒಪ್ಪಲಾರೆ.

ನಮ್ಮ ದೇಶದ್ದೇ ಒಂದು ದಾರಿಯೂ ಇದೆ. ಖರಗ್‌ಪುರದ ಐಐಟಿಯ ಸುಜಯ್ ಗುಹಾ 1970ರ ದಶಕದಿಂದ ಬೆನ್ನು ಹತ್ತಿದ ಕೆಲಸ ಅದು, ಹೆಸರು ರಿಸುಗ್. ನೀರಿನ ಕೊಳವೆಯ ಒಳಮೈಗೆ ಪಾಲಿಮರ್ ಬಳಿದು ಸೂಕ್ಷ್ಮಜೀವಿ ಕೊಲ್ಲಬಹುದೇ ಎಂದು ಯೋಚಿಸುತ್ತಿದ್ದ ಎಂಜಿನಿಯರ್ ಅವರು. ಅದೇ ಯೋಚನೆ ವೀರ್ಯನಾಳದ ಕಡೆ ತಿರುಗಿತು. ನಾಳವನ್ನು ಕತ್ತರಿಸದೆ ಒಳಗೆ ಒಂದು ಪಾಲಿಮರನ್ನು ಇಂಜೆಕ್ಷನ್ ಮಾಡುತ್ತಾರೆ. ಅದು ಒಳಗೋಡೆಗೆ ಅಂಟಿ ಕೂರುತ್ತದೆ, ದಾಟಿ ಹೋಗುವ ವೀರ್ಯಾಣು ಕೆಲಸಕ್ಕೆ ಬಾರದಂತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 303 ಗಂಡಸರ ಮೇಲೆ ನಡೆಸಿದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಏಳು ವರ್ಷ ಹಿಂಬಾಲಿಸಿ ನೋಡಿ, ಬಸಿರು ತಡೆಯುವುದರಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಯಶಸ್ಸು, ದೊಡ್ಡ ತೊಂದರೆ ಇಲ್ಲ ಎಂದಿದ್ದಾರೆ. ಗುಹಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಅರ್ಧ ಶತಮಾನ ಒಂದೇ ನಾಳದ ಹಿಂದೆ ನಡೆದ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಆದರೆ ಅದು ಪ್ರಯೋಗ ದಾಟಿ ಬರುವವರೆಗೆ ನಾನು ಕಾಯುವ ಹಾಗಿರಲಿಲ್ಲ. ಭುಜದ ಹಿಂದೆ ದಿನಾ ಸವರಿಕೊಳ್ಳುವ ಹಾರ್ಮೋನ್ ಜೆಲ್ ಬಗ್ಗೆಯೂ ಅಮೆರಿಕದಿಂದ ಸುದ್ದಿ ಬರುತ್ತಿದೆ. ಅದೂ ಇನ್ನೂ ಪ್ರಯೋಗದಲ್ಲೇ ಇದೆ.

ಕೈಗೆ ಸಿಗುವಂಥವು ಎರಡೇ ಉಳಿದವು. ಕಾಂಡೋಮ್ ಒಂದು. 1968ರಲ್ಲಿ ಸರ್ಕಾರ ‘ನಿರೋಧ್’ ಹೆಸರಿನಲ್ಲಿ ಮೂರಕ್ಕೆ ಹದಿನೈದು ಪೈಸೆಯಂತೆ ಬೀಡಿ ಅಂಗಡಿ, ಕಿರಾಣಿ ಅಂಗಡಿಗೆಲ್ಲ ಮುಟ್ಟಿಸಿದ ವಸ್ತು. ನಮ್ಮ ರಾಜ್ಯದಲ್ಲೇ, ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ, ಅದನ್ನು ತಯಾರಿಸುವ ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಕಂಪನಿಯ ಕಾರ್ಖಾನೆ ಇದೆ. ಕಾಂಡೋಮ್ ಒಳ್ಳೆಯ ವಸ್ತು. ರೋಗವನ್ನೂ ತಡೆಯುವುದು ಅದೊಂದೇ, ಹೊಸದಾಗಿ ಮದುವೆಯಾದವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಮಕ್ಕಳು ಸಾಕು ಎಂದು ನಿರ್ಧಾರವಾದ ಮನೆಯಲ್ಲಿ ಮುಂದಿನ ಹದಿನೈದು ವರ್ಷ ಪ್ರತಿ ಸಲವೂ ಅದನ್ನು ನೆನಪಿಡಬೇಕು. ಜನ ದಿನನಿತ್ಯ ಬಳಸುವ ರೀತಿಯಲ್ಲಿ ಬಳಸಿದರೆ ವರ್ಷಕ್ಕೆ ನೂರು ಜೋಡಿಗಳಲ್ಲಿ ಹದಿಮೂರರಷ್ಟು ಜೋಡಿಗೆ ಬಸಿರಾಗುತ್ತದೆ ಎಂಬ ಅಂದಾಜಿದೆ. ಒಮ್ಮೆ ಹರಿದದ್ದನ್ನು ನೋಡಿದ ನಮಗೆ ಆ ಹದಿಮೂರು ದೊಡ್ಡ ಸಂಖ್ಯೆ.

ಇನ್ನೊಂದು, ವ್ಯಾಸೆಕ್ಟಮಿ, ಅಂದರೆ ಗಂಡಸಿನ ಆಪರೇಶನ್.

ಅಲ್ಲಿಗೆ ಬಂದು ನಿಂತಾಗ ನನಗೆ ಹೆದರಿಕೆಯಾಯಿತು. ಯಾಕೆ ಎಂದು ಹುಡುಕುತ್ತ ಹೋದರೆ ಅದು ನನ್ನ ಹೆದರಿಕೆಯೇ ಆಗಿರಲಿಲ್ಲ, ನನಗಿಂತ ಹಳೆಯದು.

ಸಂತಾನ ನಿಯಂತ್ರಣ ಎಂಬುದು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಅದಕ್ಕಾಗಿ ಸರ್ಕಾರಿ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೊಂದು ಹೀಗೆ ಮಾಡಿದ್ದು ಲೋಕದಲ್ಲೇ ಮೊದಲು ಎನ್ನುತ್ತಾರೆ. ಸ್ವಾತಂತ್ರ್ಯ ಬಂದು 1952ರಲ್ಲಿ ದೇಶದ ಕುಟುಂಬ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಸಂತಾನಹರಣ ಅಂದರೆ ಹೆಚ್ಚಾಗಿ ಗಂಡಸರದ್ದೇ. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನಲ್ಲಿ ಒಂದೇ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು. ‘ಗಂಡಸರು ಇದಕ್ಕೆಲ್ಲ ಒಪ್ಪುವುದಿಲ್ಲ, ನಮ್ಮ ಸಂಪ್ರದಾಯವೇ ಹಾಗೆ’ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ನಮ್ಮ ಅಜ್ಜಂದಿರ ಕಾಲದಲ್ಲಿ ಒಪ್ಪಿದ್ದರು.

ಆಮೇಲೆ ತುರ್ತುಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಗಂಡಸರಿಗೆ ವ್ಯಾಸೆಕ್ಟಮಿಯಾಯಿತು. ಇಷ್ಟಪಟ್ಟು ಬಂದವರೆಷ್ಟೋ, ಸಂಬಳ ನಿಲ್ಲುತ್ತದೆ, ರೇಶನ್ ನಿಲ್ಲುತ್ತದೆ ಎಂದು ಬಂದವರೆಷ್ಟೋ. ಹರಿಯಾಣದ ಉಟ್ಟಾವರ್ ಹಳ್ಳಿಯನ್ನು ಪೊಲೀಸರು ರಾತ್ರೋರಾತ್ರಿ ಸುತ್ತುವರಿದು ಗಂಡಸರನ್ನು ಎಳೆದೊಯ್ದರು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ವರದಿಯಲ್ಲಿ ಆಪರೇಶನ್ನಿಗೆ ಸಂಬಂಧಿಸಿದ ಸಾವುಗಳ ಲೆಕ್ಕವೇ 1,774 ಇದೆ. 1977ರ ಚುನಾವಣೆಯಲ್ಲಿ ಸರ್ಕಾರ ಬಿದ್ದ ಮೇಲೆ ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಎಂಬ ಹೆಸರು ಬಂತು. ಗಂಡಸಿನ ಆಪರೇಶನ್ ಮಾತು ಎತ್ತಲು ಮುಂದೆ ಯಾವ ಪಕ್ಷಕ್ಕೂ ಧೈರ್ಯವಾಗಲಿಲ್ಲ. ಗುರಿ ಮಾತ್ರ ಹಾಗೆಯೇ ಇತ್ತು. ಅದು ಹೆಂಗಸಿನ ಕಡೆ ತಿರುಗಿತು.

ತಿರುಗಿ ಎಲ್ಲಿಗೆ ಬಂತೆಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಆಪರೇಶನ್ ಆದವರು ಶೇ. 57.4. ಗಂಡನಿಗೆ ಆಪರೇಶನ್ ಆಗಿರುವುದು ಶೇ. 0.0. ಇಡೀ ದೇಶದ್ದು ತೆಗೆದುಕೊಂಡರೆ 37.9 ಮತ್ತು 0.3. ಆ ‘0.0’ ಅನ್ನು ನಾನು ಮೊದಲು ಅಚ್ಚಿನ ತಪ್ಪೆಂದುಕೊಂಡಿದ್ದೆ.

ಒಂದು ಭಾನುವಾರ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಕಟ್ಟೆಯ ಮೇಲೆ ಇಬ್ಬರೇ ಇದ್ದೆವು.

“ಅವ್ವಗ ಆಪರೇಶನ್ ಮಾಡಿಸಿದಾಗ ನಿನಗ ಮಾಡಿಸ್ಕೋ ಅಂತ ಯಾರೂ ಅನ್ನಲಿಲ್ಲೇನಪ್ಪಾ?”

“ಯಾರ್ ಅಂತಾರ? ನರ್ಸಬಾಯಿ ಬಂದು ನಿಮ್ಮವ್ವನ ಕೂಡನ ಮಾತಾಡಿ ಹೋದ್ಲು.”

“ಅಂದಿದ್ರ?”

ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ನಿಲ್ಲಿಸಿದ. “ಒಲ್ಲೆ ಅಂತಿದ್ದೆ. ಆ ಜೀಪ್ ನೆನಪಿತ್ತಲ್ಲಪಾ.”

ಜೀಪಿನ ಕಥೆ ನಾನು ಕೇಳಿ ಬೆಳೆದದ್ದೇ. ತುರ್ತುಪರಿಸ್ಥಿತಿಯ ಆ ವರ್ಷ ಅಪ್ಪನಿಗೆ ಹತ್ತೊಂಬತ್ತು. ಊರ ಹೊರಗೆ ಜೀಪಿನ ಸಪ್ಪಳ ಕೇಳಿದರೆ ಗಂಡಸರು ಜೋಳದ ಹೊಲ ಹೊಗುತ್ತಿದ್ದರಂತೆ. ಕನ್ನಡ ಶಾಲೆಯ ಮಾಸ್ತರರಿಗೂ ‘ಕೇಸು’, ಅಂದರೆ ಆಪರೇಶನ್ನಿಗೆ ಆಳು, ತರಬೇಕೆಂದು ಒತ್ತಾಯ. ಅಜ್ಜನ ಗೆಳೆಯರೇ ಆದ ಮಾಸ್ತರರೊಬ್ಬರು ಸಂಜೆ ಮನೆಗೆ ಬಂದು ಮಾತಿಲ್ಲದೆ ಕೂತು ಎದ್ದು ಹೋಗುತ್ತಿದ್ದರಂತೆ. ಅಜ್ಜ ಒಂದು ತಿಂಗಳು ಹೊಲದ ಅಟ್ಟದ ಮೇಲೆ ಮಲಗಿದ. ಆ ಹೆದರಿಕೆಯೇ ಅಪ್ಪನಿಗೆ ಬಂತು, ಅಪ್ಪ ಬಾಯಿ ಬಿಟ್ಟು ಹೇಳದಿದ್ದರೂ ನನಗೂ ಬಂತು.

ಆದರೆ ಜೀಪಿಗೆ ಅಂಜಿದ ಗಂಡಸರು ತಮ್ಮ ಬದಲು ಯಾರನ್ನು ಕಳಿಸಿದರು ಎಂಬುದೂ ನನ್ನ ಕಣ್ಣ ಮುಂದಿದೆ. 1989, ನನಗೆ ಆರು ವರ್ಷ. ನನ್ನ ತಂಗಿ ಆರು ತಿಂಗಳ ಕೂಸು. ಅವ್ವನನ್ನೂ ಓಣಿಯ ಇನ್ನೂ ನಾಲ್ಕು ಹೆಂಗಸರನ್ನೂ ಒಂದು ಮೆಟಡಾರ್‌ನಲ್ಲಿ ಕ್ಯಾಂಪಿಗೆ ಕರೆದುಕೊಂಡು ಹೋದರು. ಕೂಸು ಹಿಡಿದು ಅಜ್ಜಿ, ಅಜ್ಜಿಯ ಸೆರಗು ಹಿಡಿದು ನಾನು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಒಂದು ಕೋಣೆಯಲ್ಲಿ ಜಮಖಾನದ ಮೇಲೆ ಹೆಂಗಸರನ್ನು ಸಾಲಾಗಿ ಮಲಗಿಸಿದ್ದರು. ಪ್ರತಿಯೊಬ್ಬರ ಮುಂಗೈಗೆ ಅಂಟುಪಟ್ಟಿ, ಅದರ ಮೇಲೆ ನೀಲಿ ಶಾಯಿಯಲ್ಲಿ ನಂಬರು. ಆಗಷ್ಟೇ ಅಂಕಿ ಕಲಿತಿದ್ದ ನಾನು ಅವ್ವನ ಕೈ ಹಿಡಿದು ಓದಿದೆ: ಮೂವತ್ತೊಂದು. ಓದಿದ್ದಕ್ಕೆ ಶಾಣ್ಯಾ ಅನ್ನುತ್ತಾಳೆ ಎಂದು ಮುಖ ನೋಡಿದೆ. ಅವ್ವ ಕಣ್ಣು ತೆರೆಯಲಿಲ್ಲ.

ಆಗ ಅವ್ವನಿಗೆ ಇಪ್ಪತ್ತನಾಲ್ಕು. ಹೊಲಿಗೆ ಕೀವಾಯಿತು. ಒಂದೂವರೆ ತಿಂಗಳು ಬಾವಿಯಿಂದ ಕೊಡ ಎತ್ತಲಿಲ್ಲ. ಈಗಲೂ ಥಂಡಿಯ ದಿನಗಳಲ್ಲಿ ಅಲ್ಲಿ ಹಿಡಿದಂತಾಗುತ್ತದೆ ಅನ್ನುತ್ತಾಳೆ.

ಕ್ಯಾಂಪು ಎಂದರೆ ಏನೆಂದು ದೇಶಕ್ಕೆ ಗೊತ್ತಾದದ್ದು 2014ರ ನವೆಂಬರಿನಲ್ಲಿ, ಛತ್ತೀಸಗಢದ ಬಿಲಾಸಪುರದಲ್ಲಿ. ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಿ ಮುಗಿಸಿದರು. ಹನ್ನೆರಡಕ್ಕೂ ಹೆಚ್ಚು ಜನ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಕಂಡದ್ದು ಅಂಟುಪಟ್ಟಿಯ ಮೇಲಿನ ಮೂವತ್ತೊಂದು.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆರೋಗ್ಯ ಇಲಾಖೆ ಗಂಡಸರ ಆಪರೇಶನ್ನಿನ ಪಾಕ್ಷಿಕ ನಡೆಸುತ್ತದೆ. 2022ರ ಪಾಕ್ಷಿಕದಲ್ಲಿ ಒಂದು ಗುರುವಾರ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಹೆಂಡತಿ ಶಾಲೆಗೆ ರಜೆ ಹಾಕಿ ಜೊತೆಗೆ ಬಂದಳು. ಕೌಂಟರಿನಲ್ಲಿದ್ದ ಸಿಸ್ಟರ್ ಆಕೆಯ ಹೆಸರು ಬರೆಯಲು ಶುರು ಮಾಡಿದರು. “ನನಗಲ್ರೀ, ಇವರಿಗೆ” ಅಂದಳು. ಸಿಸ್ಟರ್ ತಲೆಯೆತ್ತಿ ನನ್ನನ್ನು ನೋಡಿ, ಬರೆದ ಸಾಲು ಹೊಡೆದುಹಾಕಿ, ರಿಜಿಸ್ಟರನ್ನು ತಿರುಗಿಸಿ ಕೊನೆಯ ಪುಟಗಳನ್ನು ತೆರೆದರು. ಮುಂದಿನಿಂದ ಹೆಂಗಸರು, ಹಿಂದಿನಿಂದ ಗಂಡಸರು, ಒಂದೇ ಪುಸ್ತಕ. ಮುಂದಿನ ಪುಟಗಳು ತಿರುವಿ ತಿರುವಿ ಅಂಚು ಕಪ್ಪಾಗಿದ್ದವು. ಹಿಂದಿನವು ಅಂಗಡಿಯಿಂದ ತಂದ ಹಾಗೇ ಇದ್ದವು. ಆ ವರ್ಷದ ಕ್ರಮಸಂಖ್ಯೆಯಲ್ಲಿ ನಾನು ನಾಲ್ಕನೆಯವನು.

ಐದನೆಯವನು ನನ್ನ ಪಕ್ಕದಲ್ಲೇ ಕೂತಿದ್ದ, ಗೌಂಡಿ ಕೆಲಸದವನು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಭಾರ ಎತ್ತಾಕ ಯಾವಾಗಿಂದ ಬರ್ತೈತ್ರೀ?” ವಾರ ಬಿಟ್ಟು ಎತ್ತು ಅಂದರು ಡಾಕ್ಟರ್. ಅವನು ಬೆರಳು ಮಡಚಿ ಏಳು ದಿನದ ಕೂಲಿ ಲೆಕ್ಕ ಹಾಕಿದ. ಗಂಡಸಿಗೆ ಸರ್ಕಾರ ಕೊಡುವ ಪರಿಹಾರದ ಹಣ ಹೆಂಗಸಿಗೆ ಕೊಡುವುದಕ್ಕಿಂತ ಹೆಚ್ಚು. ಆದರೂ ಅದು ಅವನ ವಾರದ ಕೂಲಿಯನ್ನು ಮುಟ್ಟುತ್ತಿರಲಿಲ್ಲ. ಈ ಲೆಕ್ಕ ಸರಿಯಾಗದೆ ಕೂಲಿಕಾರರಿಗೆ ಬರೀ ಜಾಗೃತಿ ಹೇಳಿದರೆ ಉಪಯೋಗವಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತು.

ಒಳಗೆ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ, ಯಾಕೆಂದರೆ ನಾನು ಹುಡುಕಿದಾಗ ಕನ್ನಡದಲ್ಲಿ ಹೀಗೆ ಬರೆದದ್ದು ನನಗೆ ಸಿಗಲಿಲ್ಲ. ಮೊದಲು ಬಿಪಿ, ರಕ್ತ, ಮೂತ್ರ ಪರೀಕ್ಷೆ. ಫಾರಂ ಓದಿ ನನ್ನ ಸಹಿ. ಟೇಬಲ್ಲಿನ ಮೇಲೆ ಮಲಗಿಸಿ ಔಷಧಿಯಿಂದ ಒರೆಸಿದರು, ತಣ್ಣಗಿತ್ತು. ಡಾಕ್ಟರ್ ಬೆರಳಿನಿಂದಲೇ ವೀರ್ಯನಾಳ ಹುಡುಕಿ ಚರ್ಮದ ಕೆಳಗೆ ಹಿಡಿದರು. ಗಟ್ಟಿ ಹುರಿಯ ಹಾಗಿರುತ್ತದೆ ಅದು. ಅರಿವಳಿಕೆಯ ಸೂಜಿ ಇರುವೆ ಕಡಿದಂತೆ ಚುರ್ ಅಂದು ಆಮೇಲೆ ಉರಿಯಿತು, ನಿಮಿಷದಲ್ಲಿ ಮರಗಟ್ಟಿತು. ಈಗ ಚಾಕು ಹಿಡಿಯುವುದಿಲ್ಲ. 1974ರಲ್ಲಿ ಚೀನಾದ ಸಿಚುವಾನ್‌ನ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು ರೂಪಿಸಿದ ವಿಧಾನ ಇದು. ಮೊನಚಾದ ಚಿಮಟದಂಥ ಉಪಕರಣದಿಂದ ಚರ್ಮದಲ್ಲಿ ಒಂದು ಚಿಕ್ಕ ತೂತು ಮಾಡಿ, ಅದೇ ತೂತಿನಿಂದ ಒಂದಾದ ಮೇಲೊಂದು ಎರಡೂ ನಾಳಗಳನ್ನು ಹೊರಗೆಳೆದು, ಕತ್ತರಿಸಿ, ಕಟ್ಟಿ, ಒಳಗೆ ಬಿಡುತ್ತಾರೆ. ನಾಳ ಎಳೆದಾಗ ಮಾತ್ರ ಕಿಬ್ಬೊಟ್ಟೆಯವರೆಗೆ ಒಂದು ಸೆಳೆತ ಬಂತು, ಉಸಿರು ಬಿಗಿಹಿಡಿದೆ. “ಆತು, ಒಂದು ಕಡೆ ಆತು” ಅಂದರು. ಒಟ್ಟು ಇಪ್ಪತ್ತು ನಿಮಿಷ. ತೂತಿನ ಮೇಲೆ ಸಣ್ಣ ಪಟ್ಟಿ. ಮಧ್ಯಾಹ್ನ ಆಟೋದಲ್ಲಿ ಮನೆಗೆ ಬಂದೆ. ಎರಡು ದಿನ ನೋವಿತ್ತು, ಬಿಗಿಯಾದ ಚಡ್ಡಿ ಹಾಕಿಕೊಂಡು ಮೆಲ್ಲಗೆ ಓಡಾಡಿದೆ, ನಾಲ್ಕು ಮಾತ್ರೆ ನುಂಗಿದೆ. ಸೋಮವಾರ ಆಫೀಸಿಗೆ ಹೋದೆ.

‘ಶಕ್ತಿ ಹೋಗುತ್ತದೆ’ ಎಂಬ ಮಾತನ್ನು ನಮ್ಮ ಅತ್ತೆಯೂ ಅಂದಿದ್ದರು, “ದುಡಿಯೋ ಗಂಡಸ್ರಿಗೆ ಯಾಕವ್ವ ಅದು?” ಎಂದು ಮಗಳಿಗೆ. ಹಾಗೆ ಕೇಳಿದವರ ಮಗಳೂ ದುಡಿಯುವವಳೇ. ಗಂಡಸಿನ ಹಾರ್ಮೋನು ನಾಳದಲ್ಲಿ ಹರಿಯುವುದಿಲ್ಲ, ರಕ್ತದಲ್ಲಿ ಹರಿಯುತ್ತದೆ; ನಾಳ ಕಟ್ಟಿದರೆ ಅದಕ್ಕೇನೂ ಆಗುವುದಿಲ್ಲ. ಹೊರಬರುವ ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಸಣ್ಣದು, ಅವು ಇಲ್ಲದಿದ್ದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ನನ್ನ ಮಾತು ಕೇಳುವುದಾದರೆ, ಕಡಿಮೆಯಾದದ್ದು ಕ್ಯಾಲೆಂಡರ್ ನೋಡುವುದೊಂದೇ.

ಆದರೆ ಆ ದಿನ ಅಲ್ಲಿನ ಹಿರಿಯ ಸಿಸ್ಟರ್ ಹೇಳಿದ ಒಂದು ಮಾತು ನನಗೆ ಯಾವ ಲೇಖನದಲ್ಲೂ ಸಿಕ್ಕಿರಲಿಲ್ಲ. ಬಹಳ ಸಲ ಗಂಡ ಒಪ್ಪಿದರೂ ಹೆಂಡತಿಯೇ ಬೇಡ ಅನ್ನುತ್ತಾಳಂತೆ. ಗಂಡನ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. “ನಾಳೆ ಏನಾರ ಹೆಚ್ಚುಕಮ್ಮಿ ಆಗಿ ಬಸಿರಾದ್ರ ಮಂದಿ ಅಕೀನ ಬೈತಾರ್ರೀ. ಗಂಡಗ ಆಪರೇಶನ್ ಆಗೇತಿ, ಇದು ಯಾರದು ಅಂತ ಕೇಳ್ತಾರ. ಅದಕ್ಕ ಅಂಜಿ ತಾವ ಮಾಡಿಸ್ಕೊಂತಾರ.”

ಇದನ್ನು ಕೇಳಿದ ಮೇಲೆ ಮೂರು ತಿಂಗಳ ನಿಯಮ ನನಗೆ ಬೇರೆಯದೇ ಆಗಿ ಕಂಡಿತು. ಆಪರೇಶನ್ ಆದ ದಿನವೇ ಗಂಡಸು ಬರಿದಾಗುವುದಿಲ್ಲ. ಕತ್ತರಿಸಿದ ಜಾಗದ ಮುಂದೆ ನಾಳದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ಅವು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಕಾಗದ ಬಂದರೇ ಆಪರೇಶನ್ ಮುಗಿದಂತೆ. ಡಬ್ಬಿ ಹಿಡಿದು ಲ್ಯಾಬಿಗೆ ಹೋಗಲು ನಾಚಿಕೆ ಎಂದು ಎಷ್ಟೋ ಜನ ಪರೀಕ್ಷೆಗೇ ಹೋಗುವುದಿಲ್ಲ. ಆ ನಾಚಿಕೆಗೆ ಬೆಲೆ ತೆರಬೇಕಾದವಳು ಹೆಂಡತಿ; ನಾಳೆ ಯಾರೋ ‘ಇದು ಯಾರದು’ ಎಂದು ಕೇಳುವುದು ಅವಳನ್ನೇ. ಪರೀಕ್ಷೆಯಾದ ಮೇಲೂ ಸುಮಾರು ಎರಡು ಸಾವಿರಕ್ಕೊಂದರಂತೆ ನಾಳ ತಾನಾಗಿ ಕೂಡಿಕೊಂಡು ಬಸಿರಾಗುವುದುಂಟು. ಇದನ್ನು ನಾನು ನಮ್ಮ ಅತ್ತೆಯ ಮುಂದೆ, ನನ್ನ ಅಣ್ಣತಮ್ಮಂದಿರ ಮುಂದೆ, ಬೇಕೆಂದೇ ಬಾಯಿ ಬಿಟ್ಟು ಹೇಳಿದ್ದೇನೆ. ಹಾಗೇನಾದರೂ ಆದರೆ ಅದು ನನ್ನ ನಾಳದ ಕೆಲಸ, ಯಾರೂ ಆಕೆಯ ಕಡೆ ನೋಡಬಾರದು ಎಂದು.

ಇನ್ನೊಂದು ಮಾತೂ ಹೇಳಬೇಕು. ಮರುಜೋಡಣೆಯ ಆಪರೇಶನ್ ಇದೆ, ಆದರೆ ಮತ್ತೆ ಮಕ್ಕಳಾಗುತ್ತವೆ ಎಂಬ ಖಾತ್ರಿ ಇಲ್ಲ. ಆದ್ದರಿಂದ ಇನ್ನೂ ತೀರ್ಮಾನವಾಗದವರು, ಮನಸ್ಸಿನಲ್ಲಿ ಎಲ್ಲೋ ‘ನೋಡೋಣ’ ಅಂತ ಇರುವವರು ಮಾಡಿಸಿಕೊಳ್ಳಬಾರದು. ಹಾಗೆಯೇ ಒತ್ತಾಯದಿಂದ ಯಾರನ್ನೂ ಕರೆದೊಯ್ಯಬಾರದು. ಅಜ್ಜ ಅಟ್ಟದ ಮೇಲೆ ಮಲಗಿದ್ದ ಮನೆಯವನು ನಾನು, ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ.

2023ರ ಮಾರ್ಚಿನಲ್ಲಿ ರಿಪೋರ್ಟ್ ಬಂತು. ವೀರ್ಯಾಣು ಸಂಖ್ಯೆಯ ಮುಂದೆ ‘ನಿಲ್’. ಹೆಂಡತಿ ಅದನ್ನು ಎರಡು ಸಲ ಓದಿ, ತನ್ನ ಎರಡು ಸಿಜೇರಿಯನ್‌ಗಳ ಫೈಲ್ ಇಟ್ಟಿದ್ದ ಕಪಾಟಿನಲ್ಲಿ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಳು.

ಅವ್ವನಿಗೆ ಹೇಳಿದ್ದು ಎಲ್ಲರಿಗಿಂತ ಕೊನೆಗೆ. ಯುಗಾದಿಗೆ ಊರಿಗೆ ಹೋದಾಗ ಅವಳು ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಹೇಳಿದೆ. ಕೈ ನಿಂತಿತು.

“ನಿನಗ?”

“ಹ್ಞೂಂ ಬೇ.”

“ಯಾವಾಗ?”

“ನವೆಂಬರದಾಗ.”

“ನಾಲ್ಕ್ ತಿಂಗಳಾತು, ಈಗ ಹೇಳ್ತಿ? ಬಂದು ಅಂಟಿನ ಉಂಡಿಯರ ಕಟ್ಟಿಕೊಡ್ತಿದ್ನಿಲ್ಲೋ.”

“ಅಂಥಾದ್ದೇನ ಆಗಲಿಲ್ಲಬೇ. ಎರಡ ದಿನಕ್ಕ ಅಡ್ಡಾಡಿದೆ.”

ಒರಳಿನ ಅಂಚಿಗೆ ಮೆತ್ತಿದ್ದ ಹೂರಣವನ್ನು ಬೆರಳಿನಿಂದ ಒಳಗೆ ತಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು.

“ಹೊಲಿಗಿ ಎಷ್ಟ್ ಹಾಕಿದ್ರು?”

“ಒಂದೂ ಇಲ್ಲಬೇ.”

“ಒಂದೂ ಇಲ್ಲ?”

“ಇಲ್ಲ.”

ಎಡಗೈ ತಾನಾಗಿ ಸೀರೆಯ ನೆರಿಗೆಯ ಹತ್ತಿರ ಹೋಯಿತು, ಹೊಕ್ಕುಳ ಕೆಳಗೆ, ಆ ಜಾಗಕ್ಕೆ.

“ಒಂದೂ ಇಲ್ಲ” ಅಂದಳು ಇನ್ನೊಮ್ಮೆ, ಮತ್ತೆ ರುಬ್ಬತೊಡಗಿದಳು.